ಉಬ್ಬಸ ನಿಂತಿದೆ, ಇನ್ಹೇಲರ್ ನಿಲ್ಲಿಸಬಹುದೇ?

ಪ್ರಶ್ನೆ: ನನಗೆ 38 ವರ್ಷ. ಅಸ್ತಮಾಗೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿರುವ ಇನ್ಹೇಲರ್ ಬರೆದುಕೊಟ್ಟಿದ್ದಾರೆ, ಬೆಳಿಗ್ಗೆ ಎರಡು, ರಾತ್ರಿ ಎರಡು ಪಫ್. ಎರಡು ತಿಂಗಳಿಂದ ಉಬ್ಬಸವೇ ಇಲ್ಲ. ಇನ್ನು ದಮ್ಮು ಬಂದಾಗ ಮಾತ್ರ ತೆಗೆದುಕೊಂಡರೆ ಸಾಲದೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಉಬ್ಬಸ ಇಲ್ಲದಿರುವುದು ಬಹುಶಃ ಆ ಔಷಧಿಯಿಂದಲೇ.

ಆ ಡಬ್ಬಿಯಲ್ಲಿರುವ ಎರಡು ಔಷಧಿಗಳ ವೇಗ ಬೇರೆ ಬೇರೆ. ಫಾರ್ಮೊಟೆರಾಲ್ ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಎದೆ ಹಗುರಾಗುತ್ತದೆ, ಪರಿಣಾಮ ಸುಮಾರು 12 ಗಂಟೆ ಇರುತ್ತದೆ. ಬುಡೆಸೊನೈಡ್ ಸ್ಟೀರಾಯ್ಡ್. ನಾಳದ ಒಳಪದರದ ಊತ ಇಳಿಸುವುದು ಅದರ ಕೆಲಸ, ಅದಕ್ಕೆ ದಿನಗಳು, ವಾರಗಳು ಬೇಕು. ಅನುಭವಕ್ಕೆ ಬರುವುದು ಮೊದಲನೆಯದು, ರೋಗವನ್ನು ಹಿಡಿತದಲ್ಲಿಡುವುದು ಎರಡನೆಯದು. ನಿಲ್ಲಿಸಿದರೆ ಮೊದಲ ವಾರ ಏನೂ ಆಗದಿರಬಹುದು, ಎಡವಟ್ಟಾಗುವುದೇ ಅಲ್ಲಿ. ಊತ ಸದ್ದಿಲ್ಲದೆ ಮರಳಿರುತ್ತದೆ. ಅಟ್ಟದ ಧೂಳು ಕೊಡವಿದ ದಿನ ಅಥವಾ ಒಂದು ನೆಗಡಿಗೆ ದಮ್ಮು ಕಟ್ಟುತ್ತದೆ.

'ಬಂದಾಗ ಮಾತ್ರ' ಎಂಬ ಕ್ರಮವೂ ಇಲ್ಲದಿಲ್ಲ. ಸೌಮ್ಯ ಅಸ್ತಮಾಗೆ ಹೀಗೆ ಬಳಸುವುದನ್ನು 2019ರಿಂದ ಅಂತರರಾಷ್ಟ್ರೀಯ 'ಜೀನಾ' ಮಾರ್ಗಸೂಚಿಯೇ ಒಪ್ಪಿದೆ. ಆದರೆ ಅದು ಫಾರ್ಮೊಟೆರಾಲ್ ಇರುವ ಜೋಡಿಗೆ ಮಾತ್ರ. ಸಾಲ್ಮೆಟೆರಾಲ್ ಮತ್ತು ಫ್ಲುಟಿಕಾಸೋನ್ ಜೋಡಿ ಕೆಲಸ ಶುರು ಮಾಡುವುದೇ ನಿಧಾನ, ದಮ್ಮು ಕಟ್ಟಿದಾಗ ಅದನ್ನು ನಂಬುವಂತಿಲ್ಲ. ಡಬ್ಬಿಯ ಬಣ್ಣ ನೋಡಬೇಡಿ, ಲೇಬಲ್ ಮೇಲಿನ ಹೆಸರು ಓದಿ. ಸಾಮಾನ್ಯವಾಗಿ ಮೂರು ತಿಂಗಳು ಹಿಡಿತದಲ್ಲಿದ್ದರೆ ವೈದ್ಯರು ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ಇನ್ನೊಂದು ತಿಂಗಳು ತಾಳಿ, ಹೋಗಿ ಕೇಳಿ.

ಬೀಡಿ, ಸಿಗರೇಟು ಅಥವಾ ಸೌದೆ ಒಲೆಯ ಹೊಗೆಯಿಂದ ಬಂದ ಸಿಒಪಿಡಿಗೆ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ) ಲೆಕ್ಕ ಬೇರೆ. ಅಲ್ಲಿ ಹೆಚ್ಚಾಗಿ ನಾಳ ಹಿಗ್ಗಿಸುವ ಎರಡು ಔಷಧಿಗಳ ಜೋಡಿ ಮುಖ್ಯ. ಸ್ಟೀರಾಯ್ಡ್ ನ್ಯುಮೋನಿಯಾದ ಸಾಧ್ಯತೆ ಹೆಚ್ಚಿಸುವುದರಿಂದ, ರೋಗ ಪದೇ ಪದೇ ಉಲ್ಬಣಿಸುವವರಿಗೆ, ಅದರಲ್ಲೂ ರಕ್ತದಲ್ಲಿ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿದ್ದರೆ, ಅದನ್ನು ಸೇರಿಸುತ್ತಾರೆ. ಅಸ್ತಮಾದಲ್ಲಿ ಇದಕ್ಕೆ ತದ್ವಿರುದ್ಧ: ಸ್ಟೀರಾಯ್ಡ್ ಇಲ್ಲದೆ ದೀರ್ಘಕಾಲದ ಹಿಗ್ಗಿಸುವ ಔಷಧಿಯೊಂದನ್ನೇ ಬಳಸುವುದು ಅಪಾಯ. ಹಾಗಾಗಿ ಸಿಒಪಿಡಿ ಇರುವ ಮಾವನವರ ಇನ್ಹೇಲರನ್ನು ಅಸ್ತಮಾ ಇರುವ ಸೊಸೆ ಬಳಸಬಾರದು.

ತೆಗೆದುಕೊಳ್ಳುವ ರೀತಿಯಲ್ಲೇ ಅರ್ಧ ಔಷಧಿ ಹಾಳಾಗುವುದುಂಟು. ಒತ್ತುವ ಪಂಪನ್ನು ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಡಿ. ಒಳಗೆಳೆಯಲು ಶುರುಮಾಡುತ್ತಲೇ ಒಂದು ಸಲ ಒತ್ತಿ, ನಾಲ್ಕೈದು ಸೆಕೆಂಡು ನಿಧಾನವಾಗಿ ಎಳೆಯಿರಿ, 10 ಸೆಕೆಂಡು ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆಯಾಗದಿದ್ದರೆ ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಪೇಸರ್ ಬಳಸಿ. ಅದನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ. ಕ್ಯಾಪ್ಸೂಲಿನ ಪುಡಿ ಇನ್ಹೇಲರ್‌ಗೆ ವಿಧಾನ ಉಲ್ಟಾ: ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಕ್ಕೆ ಉಸಿರು ಊದಿದರೆ ಪುಡಿ ಒದ್ದೆಯಾಗಿ ಗಟ್ಟಿಯಾಗುತ್ತದೆ. ಆ ಕ್ಯಾಪ್ಸೂಲನ್ನು ಮಾತ್ರೆಯೆಂದು ನುಂಗುವವರೂ ಇದ್ದಾರೆ. ಅದರಿಂದ ಶ್ವಾಸಕೋಶಕ್ಕೆ ಪ್ರಯೋಜನವಿಲ್ಲ.

ಪ್ರತಿ ಸಲವೂ ಗಂಟಲಲ್ಲಿ ನೀರು ಗಳಗಳಿಸಿ ಉಗುಳಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಕೂರಬಹುದು, ದನಿ ಒಡೆಯಬಹುದು. ಪಂಪ್ ತೆಗೆದುಕೊಂಡರೂ ದಮ್ಮು ಇಳಿಯದೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ಅಥವಾ ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ವೈದ್ಯರ ಬಳಿ ಹೋಗುವ ಮುನ್ನ ಒಂದು ಲೆಕ್ಕ ಹಾಕಿ. ದಿನಕ್ಕೆ 4 ಪಫ್ ಎಂದರೆ 120 ಪಫ್‌ನ ಡಬ್ಬಿ 30 ದಿನಕ್ಕೆ ಮುಗಿಯಬೇಕು. ಎರಡು ತಿಂಗಳಾದರೂ ಮೊದಲ ಡಬ್ಬಿಯೇ ನಡೆಯುತ್ತಿದ್ದರೆ, ನೀವು ಈಗಾಗಲೇ ಅರ್ಧ ಡೋಸಿನಲ್ಲಿದ್ದೀರಿ. ಅದನ್ನು ಮುಚ್ಚಿಡದೆ ಹೇಳಿ. ಮುಂದೆ ಎಷ್ಟು ಇಳಿಸಬೇಕು ಎಂಬುದು ಅದರ ಮೇಲೆಯೇ ನಿಂತಿದೆ.