ಒಬೆಸೋಜೆನ್: ಜೀನೂ ಅಲ್ಲ, ಪೇಡಾನೂ ಅಲ್ಲ

ಹೋದ ವಾರ ಧಾರವಾಡದ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಮೆಸೇಜು ಬಂತು: 'ಮಿರ್ಚಿ, ಗಿರಮಿಟ್ಟು, ಪೇಡಾ ಎಲ್ಲಾ ಒಬೆಸೋಜೆನ್!' ಅದರ ಕೆಳಗೆ ಒಬ್ಬರು, 'ನಮ್ಮ ಮನಿತನದಾಗ ಆ ಜೀನ್ ಐತ್ರಿ, ಏನ್ ಮಾಡೂದು' ಅಂತ ಬರೆದಿದ್ದರು. ಒಬೆಸೋಜೆನ್ ಅಂದರೆ ಮೈಯಲ್ಲಿ ಬೊಜ್ಜು ಬೆಳೆಸುವ ಹೊರಗಿನ ರಾಸಾಯನಿಕ. ಒಂದೇ ಪದ, ಎರಡು ತಪ್ಪು. ಇದು ಎಷ್ಟನೇ ಸಲವೋ!

ಮೊದಲು ಆ 'ಜೆನ್'. ಅದು ಜೀನ್ ಅಲ್ಲ. 'ಹುಟ್ಟಿಸುವುದು' ಅನ್ನುವ ಅರ್ಥದ ಗ್ರೀಕ್ ಬಾಲ. ಆಕ್ಸಿಜನ್ನಿಗೂ ಅದೇ ಬಾಲ. ಅದಕ್ಕೇ ನಾವು ಶಾಲೆಯಲ್ಲಿ ಆಮ್ಲಜನಕ ಅಂತ ಕಲಿತದ್ದು, ಅಲ್ವಾ? ಮಜಾ ಅಂದರೆ ಈ 'ಜೆನ್' ಮತ್ತು ಸಂಸ್ಕೃತದ 'ಜನಕ' ಎರಡೂ ಒಂದೇ ಬೇರಿನವು. ಜೀನ್ ಕೂಡ ಅದೇ ಬೇರಿನದು, ನಿಜ. ಆದರೆ ಅಣ್ಣತಮ್ಮಂದಿರು ಅಂದಮಾತ್ರಕ್ಕೆ ಇಬ್ಬರೂ ಒಬ್ಬನೇ ಆಗುತ್ತಾರಾ? ಇನ್ನು ಮುಂದಿನ ತುಂಡು ಲ್ಯಾಟಿನ್ನಿನ 'ಒಬೇಸುಸ್', ತಿಂದು ದಪ್ಪಗಾದವನು. ಅದರ ಒಳಗಿರುವ 'ಎದ್', ಅಂದರೆ ತಿನ್ನು, ನಮ್ಮ 'ಅನ್ನ' ಹುಟ್ಟಿದ 'ಅದ್' ಧಾತುವಿನ ನೆಂಟ. ಕನ್ನಡದಲ್ಲಿ ಸುಮ್ನೆ ಬೊಜ್ಜುಜನಕ ಅನ್ನಿ, ಸಾಕು.

ಹೆಸರಲ್ಲಿ ತಿನ್ನುವುದು ಇದ್ದರೂ ಇದು ತಿಂಡಿಯ ಹೆಸರಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಫೆಲಿಕ್ಸ್ ಗ್ರೂನ್ ಮತ್ತು ಬ್ರೂಸ್ ಬ್ಲಂಬರ್ಗ್ ಈ ಪದವನ್ನು ಕಟ್ಟಿದ್ದು ರಾಸಾಯನಿಕಗಳಿಗಾಗಿ. ಅವರು ನೋಡಿದ್ದು ಹಡಗಿನ ತಳಕ್ಕೆ ಬಳಿಯುತ್ತಿದ್ದ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್‌ಟಿನ್. ಕೊಬ್ಬಿನ ಜೀವಕೋಶ ಬೆಳೆಸು ಅಂತ ದೇಹದ ಒಳಗಿನ ಸಂಕೇತವೇ ಹೊರಡಿಸಬೇಕಾದ ಹುಕುಂ ಇದೆಯಲ್ಲ, ಅದನ್ನು ಈ ಹೊರಗಿನ ವಸ್ತು ತಾನೇ ಹೊರಡಿಸುತ್ತದೆ. ಬಸಿರಿ ಇಲಿಗೆ ಕೊಟ್ಟರೆ ಮರಿಗಳಲ್ಲಿ ಕೊಬ್ಬು ಜಾಸ್ತಿ. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ಅನ್ನುವ ವಾದ ಇನ್ನೂ ನಡೆದಿದೆ. ಹಾಗಂತ 'ನನ್ನ ಹೊಟ್ಟೆಗೆ ಪ್ಲಾಸ್ಟಿಕ್ಕಿನ ರಾಸಾಯನಿಕವೇ ಕಾರಣ' ಅಂತ ಕೈ ತೊಳೆದುಕೊಳ್ಳುವವರನ್ನೂ ನಾನು ನಂಬುವುದಿಲ್ಲ.

ಪೇಡಾ ದಪ್ಪ ಮಾಡುವುದು ಹಾಲು ಸಕ್ಕರೆಯ ಕ್ಯಾಲರಿಯಿಂದ, ನೇರ ದಾರಿಯಲ್ಲಿ. ಅದನ್ನು ಕಟ್ಟಿಸಿಕೊಂಡಾಗ ಕೈಗೆ ಬರುವ ನುಣುಪು ಬಿಲ್ಲು ಇದೆಯಲ್ಲ, ಅಂಥ ಥರ್ಮಲ್ ಕಾಗದದಲ್ಲಿ ಎಷ್ಟೋ ಸಲ ಬಿಸ್ಫಿನಾಲ್-ಎ ಅನ್ನುವ ರಾಸಾಯನಿಕ ಇರುತ್ತದೆ. ಅದು ಬೊಜ್ಜುಜನಕದ ಅನುಮಾನದ ಪಟ್ಟಿಯಲ್ಲಿದೆ. ಅಂಗಡಿಯಲ್ಲಿ ಆ ಪದವನ್ನು ಬಳಸಲೇಬೇಕು ಅಂದರೆ ಬಿಲ್ಲಿಗೆ ಬಳಸಿ.