ಸಾಂ ಮಾಲೋದಲ್ಲಿ ಕೆಲವೇ ಗಂಟೆ ನಿಲ್ಲುವುದಾದರೆ: ಉಬ್ಬರದ ಲೆಕ್ಕ

ಫ್ರಾನ್ಸಿನ ಉತ್ತರ ಕರಾವಳಿಯ ಸಾಂ ಮಾಲೋಗೆ ಹಾಯಿದೋಣಿಯಲ್ಲಿ ಹೋಗಿ, ಊರು ನೋಡಿ, ಅದೇ ದಿನ ಹೊರಡಬೇಕು ಅಂದುಕೊಳ್ಳಿ. ಎಷ್ಟು ಹೊತ್ತು ಇರಬಹುದು ಅನ್ನುವುದನ್ನು ಅಲ್ಲಿ ಸಮುದ್ರವೇ ತೀರ್ಮಾನಿಸುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ನೀರು 10 ಮೀಟರಿಗಿಂತ ಜಾಸ್ತಿ ಏರಿ ಇಳಿಯುತ್ತದೆ.

ಮೊದಲು ಸುಲಭದ್ದು. ಹಾಯಿಕಂಬದ ಬಲಬದಿಯ ಅಡ್ಡತೋಳಾದ ಸ್ಪ್ರೆಡರ್‌ಗೆ ಫ್ರಾನ್ಸಿನ ಬಾವುಟ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದರೆ ಒಳಬರಲು ಅನುಮತಿ ಕೇಳುವ ಹಳದಿ ‘ಕ್ಯೂ’ ಬಾವುಟವೂ ಬೇಕು. ಮರೀನಾದವರನ್ನು, ಅಂದರೆ ದೋಣಿ ನಿಲ್ದಾಣದವರನ್ನು, ರೇಡಿಯೋದಲ್ಲಿ ಕರೆಯಲು ವಿಎಚ್‌ಎಫ್ ಚಾನೆಲ್ 9.

ಸಿಲ್ ದಾಟುವುದು

ಬಾ ಸಾಬ್ಲೋಂ ಮರೀನಾದ ಬಾಯಲ್ಲಿ ಅಡ್ಡಕ್ಕೆ ಒಂದು ತಗ್ಗು ಗೋಡೆ ಇದೆ, ಅದೇ ಸಿಲ್. ಹೊರಗೆ ನೀರು ಇಳಿದರೂ ಒಳಗಿನ ದೋಣಿಗಳು ತೇಲುತ್ತಿರಲಿ ಅಂತ ಅದು ನೀರನ್ನು ಹಿಡಿದಿಡುತ್ತದೆ. ಅದರ ಎತ್ತರ 2 ಮೀಟರ್.

ಈ 2 ಮೀಟರ್ ಎಲ್ಲಿಂದ? ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ. ಇದು ಆಳ ಅಲ್ಲ. ಚಾರ್ಟ್ ಡೇಟಮ್‌ನಿಂದ ಮೇಲಕ್ಕೆ ಅಳೆದದ್ದು; ಡೇಟಮ್ ಅಂದರೆ ಸಮುದ್ರ ನಕ್ಷೆಯಲ್ಲಿ (ಚಾರ್ಟ್) ಸೊನ್ನೆ ಅಂತ ಹಿಡಿದ ಮಟ್ಟ. ಉಬ್ಬರದ ಪಟ್ಟಿಯ ಎತ್ತರವೂ ಅದೇ ಡೇಟಮ್‌ನಿಂದ ಮೇಲಕ್ಕೇ. ಆದ್ದರಿಂದ ಪಟ್ಟಿಯ ಅಂಕಿಯಿಂದ 2 ಕಳೆಯಬೇಕು. ಪಟ್ಟಿಯಲ್ಲಿ 5 ಮೀಟರ್ ಇದ್ದರೆ ಸಿಲ್ ಮೇಲೆ ನೀರು 3 ಮೀಟರ್. ಚಾರ್ಟಿನಲ್ಲಿ ಬೇರೆಡೆ ಕಾಣುವ ಆಳದ ಅಂಕಿ ಡೇಟಮ್‌ನಿಂದ ಕೆಳಗಿನದು, ಅದಕ್ಕೆ ಮಾತ್ರ ಕೂಡಿಸುವುದು.

ಈಗ ನಮ್ಮ ದೋಣಿ. ಡ್ರಾಫ್ಟ್ (ದೋಣಿ ನೀರಿನೊಳಗೆ ಮುಳುಗಿರುವ ಆಳ) 1.8, ಕೆಳಗೆ ಉಳಿಯಬೇಕಾದ ನೀರು 0.5. 2 + 1.8 + 0.5 = 4.3 ಮೀಟರ್. ಪಟ್ಟಿಯ ಎತ್ತರ ಇದಕ್ಕಿಂತ ಕಡಿಮೆ ಇರುವಷ್ಟು ಹೊತ್ತು ಬಾಗಿಲು ಮುಚ್ಚಿದೆ ಅಂತಲೇ ಲೆಕ್ಕ.

ಹನ್ನೆರಡರ ಲೆಕ್ಕ

ನನಗೆ ಬಹಳ ಇಷ್ಟವಾದ ಅಡ್ಡದಾರಿ ಇದು. ಏರಿಳಿತದ ಅಂತರವನ್ನು 12 ಪಾಲು ಮಾಡಿ. ಆರು ಗಂಟೆಗಳಲ್ಲಿ ನೀರು ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹೋಗಿಬಿಡುತ್ತದೆ!

ಉಬ್ಬರ ಬೆಳಿಗ್ಗೆ 9ಕ್ಕೆ 11.2 ಮೀಟರ್, ಇಳಿತ 1.6 ಅನ್ನೋಣ. ಅಂತರ 9.6, ಒಂದು ಪಾಲು 0.8. ಗಂಟೆಗಂಟೆಗೆ ಎತ್ತರ ಹೀಗೆ: 10.4, 8.8, 6.4, 4.0. ಅಂದರೆ 12 ಗಂಟೆಗೆ 6.4 ಇದ್ದದ್ದು 1 ಗಂಟೆಗೆ 4.0. ಆ ಗಂಟೆಯ ಇಳಿಕೆ 2.4, ನಮ್ಮ 4.3ಕ್ಕೆ ಬರಲು 2.1 ಇಳಿದರೆ ಸಾಕು, ಸುಮಾರು 52 ನಿಮಿಷ. 12:52ಕ್ಕೆ ಬಾಗಿಲು ಮುಚ್ಚಿತು. ಏರುವಾಗ ಇದನ್ನೇ ತಿರುಗಿಸಿದರೆ 17:08ಕ್ಕೆ ತೆರೆಯುತ್ತದೆ. ಮಧ್ಯಾಹ್ನ 2ಕ್ಕೆ ಹೊರಡೋಣ ಅನ್ನುವ ಯೋಜನೆ ಇಲ್ಲಿ ಆಗುವುದೇ ಇಲ್ಲ, ಅಲ್ವಾ?

ಆದರೆ ಸಾಂ ಮಾಲೋದಲ್ಲಿ ನೀರು ಏರುವುದು ಬೇಗ, ಇಳಿಯುವುದು ನಿಧಾನ. ಅಂತಿಮ ಲೆಕ್ಕಕ್ಕೆ ಆ ಬಂದರಿನದೇ ಉಬ್ಬರದ ನಕ್ಷೆ ಬಳಸಿ. ಗಾಳಿಯ ಒತ್ತಡ 1013ರಿಂದ 1033 ಹೆಕ್ಟೊಪಾಸ್ಕಲ್‌ಗೆ ಏರಿದರೆ ನೀರು ಸುಮಾರು 20 ಸೆಂಟಿಮೀಟರ್ ತಗ್ಗುತ್ತದೆ. ಆ 0.5 ಮೀಟರ್ ಸುಮ್ನೆ ಇಟ್ಟದ್ದಲ್ಲ. ಪಟ್ಟಿ ಯುಟಿಸಿ+1ರಲ್ಲಿದ್ದರೆ (ಫ್ರಾನ್ಸಿನ ಚಳಿಗಾಲದ ಸಮಯ) ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಬೇಕು.

ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದಲ್ಲಿ ಕಥೆಯೇ ಬೇರೆ. ಆಗ ನೀರು ಪೂರ್ತಿ ಇಳಿದಾಗಲೂ ಪಟ್ಟಿಯ ಎತ್ತರ ಸರಾಸರಿ 4.2 ಮೀಟರ್. ನಮ್ಮ ದೋಣಿಗೆ ಕಡಿಮೆ ಬೀಳುವುದು ಬರೀ 10 ಸೆಂಟಿಮೀಟರ್. ಕೋಟೆ ಗೋಡೆಯ ಮೇಲೆ ಒಂದು ಸುತ್ತು ನಿಧಾನವಾಗಿ ನಡೆಯಬೇಕು ಅನ್ನುವವರು ಅಂಥ ದಿನ ಹೋಗುವುದು ಒಳ್ಳೆಯದು.