ಮೊಳೆ ಸೋತರೆ ಮಾಡು ಸೋರುತ್ತದೆ

ಹಳೆಯ ಕಟ್ಟಡದ ಮಾಡು ಸೋರತೊಡಗಿದರೆ ಎಲ್ಲರೂ ಮೊದಲು ದೂರುವುದು ಹೊದಿಕೆಯನ್ನು. ಮಾಡಿಗೆ ಹೊದಿಸಿದ ತೆಳು ಸ್ಲೇಟು ಕಲ್ಲು ಹಳತಾಯಿತು, ಎಲ್ಲ ಕಿತ್ತು ಹೊಸದು ಹಾಕೋಣ ಎನ್ನುತ್ತಾರೆ. ಆದರೆ ಒಳ್ಳೆಯ ಸ್ಲೇಟು ಕಲ್ಲು ನೂರು ವರ್ಷ ದಾಟಿದರೂ ಗಟ್ಟಿಯಾಗಿರುತ್ತದೆ. ಅದನ್ನು ಹಿಡಿದಿರುವ ಕಬ್ಬಿಣದ ಮೊಳೆ ಮಾತ್ರ ಅಷ್ಟು ಕಾಲ ಬಾಳುವುದಿಲ್ಲ. ತುಕ್ಕು ಹಿಡಿದು ಕತ್ತು ಸವೆದ ಮೊಳೆ ಒಂದು ಜೋರು ಗಾಳಿಗೆ ತುಂಡಾಗುತ್ತದೆ, ಕಲ್ಲು ಸೂರಿನತ್ತ ಜಾರುತ್ತದೆ. ಜಾರಿದ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಮತ್ತೆ ಬಳಸಬಹುದು; ದಬ್ ಎಂದರೆ ಒಳಗೆ ಬಿರುಕಿದೆ, ಇಲ್ಲವೇ ಪದರ ಬಿಟ್ಟಿದೆ.

ಒಂದೆರಡು ಕಲ್ಲು ಮಾತ್ರ ಹೋಗಿದ್ದರೆ ಸುತ್ತಲಿನದನ್ನು ಕೆದಕಬೇಕಿಲ್ಲ. ತುದಿಯಲ್ಲಿ ಕೊಕ್ಕೆಯಿರುವ ತೆಳುವಾದ ಉದ್ದ ಉಕ್ಕಿನ ಪಟ್ಟಿಯನ್ನು ಮುರಿದ ಕಲ್ಲಿನಡಿ ತೂರಿಸಿ, ಮೊಳೆಗೆ ಸಿಕ್ಕಿಸಿ, ಹಿಡಿಗೆ ಸುತ್ತಿಗೆಯಿಂದ ಹೊಡೆದರೆ ಮೊಳೆ ಕತ್ತರಿಸಿ ಬರುತ್ತದೆ. ಬಳಿಕ ಸುಮಾರು 25 ಮಿ.ಮೀ. ಅಗಲದ ತಾಮ್ರದ ಪಟ್ಟಿಯನ್ನು ಕೆಳಸಾಲಿನ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ರೀಪಿಗೆ ಮೊಳೆ ಹೊಡೆದು ನಿಲ್ಲಿಸಬೇಕು. ಅಷ್ಟೇ ದಪ್ಪದ, ಅಷ್ಟೇ ಅಳತೆಯ ಕಲ್ಲನ್ನು ಮೇಲಕ್ಕೆ ಸರಿಸಿ, ಪಟ್ಟಿಯ ತುದಿಯನ್ನು ಅದರ ಕೆಳಅಂಚಿಗೆ ಎರಡು ಮಡಿಕೆ ಮಡಚಬೇಕು. ಒಂದೇ ಮಡಿಕೆಯಾದರೆ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ.

ಇಂಥ ಪಟ್ಟಿಗಳು ಅಲ್ಲಲ್ಲಿ ಹೆಚ್ಚುತ್ತಿದ್ದರೆ ಆ ಇಳಿಜಾರಿನ ಮೊಳೆಗಳೆಲ್ಲ ಒಟ್ಟಿಗೇ ಸೋಲುತ್ತಿವೆ ಎಂದರ್ಥ. ಆಗ ಇಡೀ ಇಳಿಜಾರನ್ನು ಬಿಚ್ಚಿ, ಅದೇ ಕಲ್ಲುಗಳನ್ನು ತಾಮ್ರದ ಮೊಳೆಯಿಂದ ಮತ್ತೆ ಹೊದಿಸುವುದೇ ಸರಿ. ಬಿಚ್ಚುವ ಮೊದಲು ಪ್ರತಿ ಸಾಲಿನ ಅಂತರ ಅಳೆದು ಬರೆದಿಡಬೇಕು. ಇಳಿಸಿದ ಕಲ್ಲನ್ನು ದಪ್ಪದ ಪ್ರಕಾರ ವಿಂಗಡಿಸಿ, ದಪ್ಪನೆಯವನ್ನು ಸೂರಿಗೆ, ತೆಳುವಾದವನ್ನು ನೆತ್ತಿಗೆ ಹಾಕಬೇಕು. ಮೊಳೆಯನ್ನು ಬಿಗಿಯಾಗಿ ಬಡಿಯಬಾರದು. ಕಲ್ಲು ಅದರ ಮೇಲೆ ತೂಗಿಕೊಂಡಿರಬೇಕು.

ಅಗ್ಗದ ದಾರಿಯೊಂದಿದೆ: ಮೇಲೆ ಡಾಂಬರು ಬಳಿಯುವುದು, ಇಲ್ಲವೇ ಒಳಗಿನಿಂದ ಫೋಮ್ ಸಿಂಪಡಿಸುವುದು. ನಮ್ಮ ಮಟ್ಟಿಗೆ ಇದು ದುರಸ್ತಿಯೇ ಅಲ್ಲ. ಸೋರಿಕೆ ಕಣ್ಣಿಗೆ ಮರೆಯಾಗುತ್ತದೆ, ಒಳಸೇರಿದ ತೇವಕ್ಕೆ ಆರಲು ದಾರಿಯಿಲ್ಲದೆ ರೀಪು ಕೊಳೆಯುತ್ತದೆ. ಅಂಟು ಮೆತ್ತಿದ ಕಲ್ಲನ್ನು ಮತ್ತೆ ಬಳಸುವುದೂ ಕಷ್ಟ.

ಕೆಲವು ಹಳೆಯ ಮಾಡುಗಳಿಗೆ ಹೊದಿಸಿರುವ ಸೀಸದ ಹಾಳೆಯ ಕಷ್ಟ ಬೇರೆ. ಒಂದು ಡಿಗ್ರಿ ಬಿಸಿಗೆ ಸೀಸ ತನ್ನ ಉದ್ದದ 10 ಲಕ್ಷದಲ್ಲಿ 29 ಪಾಲು ಹಿಗ್ಗುತ್ತದೆ. ಹಗಲು ರಾತ್ರಿಗಳ ನಡುವೆ ಹಾಳೆಯ ಬಿಸಿ 50 ಡಿಗ್ರಿ ಏರಿಳಿದರೆ 2 ಮೀಟರ್ ಹಾಳೆ ಸುಮಾರು 3 ಮಿ.ಮೀ. ಅತ್ತಿತ್ತ ಸರಿಯುತ್ತದೆ. ಎರಡೂ ಕಡೆ ಬಿಗಿದ ದೊಡ್ಡ ಹಾಳೆ ಸರಿಯಲು ಜಾಗವಿಲ್ಲದೆ ಉಬ್ಬುತ್ತದೆ, ಕಡೆಗೆ ಉಬ್ಬಿನಲ್ಲೇ ಸೀಳುತ್ತದೆ. ಸೀಳಿಗೆ ತವರದ ಬೆಸುಗೆ ಹಾಕಿದರೆ, ಆ ತೇಪೆ ಸೀಸದಷ್ಟು ಮೆದುವಲ್ಲವಾದ್ದರಿಂದ, ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಹಾಳೆ ಚಿಕ್ಕದಾಗಿರಬೇಕು, ಮೇಲ್ತುದಿಯಲ್ಲಷ್ಟೇ ಮೊಳೆ ಬೀಳಬೇಕು, ತೇಪೆಯೂ ಸೀಸದ್ದೇ ಆಗಬೇಕು.

ಮೇಲಿನಿಂದ ಚೆನ್ನಾಗಿ ಕಾಣುವ ಸೀಸ ಕೆಳಗಿನಿಂದ ಬಿಳಿ ಪುಡಿಯಾಗುತ್ತಿರುವುದೂ ಉಂಟು. ಕೋಣೆಯ ಬೆಚ್ಚನೆ ಗಾಳಿಯ ತೇವ ತಣ್ಣನೆ ಹಾಳೆಯ ಅಡಿಯಲ್ಲಿ ಹನಿಗಟ್ಟುತ್ತದೆ. ಲವಣವಿಲ್ಲದ ಆ ನೀರು ಸೀಸವನ್ನು ತಿನ್ನುತ್ತದೆ. ಓಕ್ ಮರದಿಂದ ಹೊರಡುವ ಆಮ್ಲ ಅದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಹಾಳೆಯನ್ನು ಹೊತ್ತ ಹಲಗೆಯ ಕೆಳಗೆ ಸುಮಾರು 50 ಮಿ.ಮೀ. ಸಂದಿ ಬಿಟ್ಟು ಗಾಳಿ ಹರಿಯುವಂತೆ ಮಾಡುವುದೇ ಇದಕ್ಕೆ ಮದ್ದು. ಚಳಿ ತಡೆಯಲೆಂದು ಆ ಸಂದಿಗಳನ್ನು ತುಂಬಿಬಿಟ್ಟ ಮೇಲೆ ರೋಗ ಕಾಣಿಸಿಕೊಳ್ಳುವುದೇ ಹೆಚ್ಚು.

ಮರದ ವಿಚಾರದಲ್ಲಿ ತೇವಮಾಪಕ 20 ಶೇಕಡಾ ದಾಟಿದರೆ ಎಚ್ಚರವಹಿಸಬೇಕು. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಕಾರಣ ಬಹುಪಾಲು ಎಲೆ ಕಟ್ಟಿಕೊಂಡ, ಸೂರಿನ ಮಳೆನೀರು ಹರಿಯುವ ದೋಣಿ. ಕೊಳೆತಷ್ಟನ್ನೇ ಕೊಯ್ದು, ಅದೇ ಜಾತಿಯ ಮರವನ್ನು, ಎರಡರ ತುದಿಗಳನ್ನೂ ಓರೆಯಾಗಿ ಕೊಯ್ದು, ಕೂಡಿಸಬೇಕು. ಓಕ್ ಆದರೆ ಸ್ಟೇನ್‌ಲೆಸ್ ಬೋಲ್ಟ್ ಬೇಕು, ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣವನ್ನು ತಿನ್ನುತ್ತದೆ.

ಇನ್ನು ಬೆಂಕಿ. ಇಂಗ್ಲೆಂಡಿನ ಅಪ್‌ಪಾರ್ಕ್ ಮಹಲು 1989ರ ಆಗಸ್ಟ್‌ನಲ್ಲಿ ಉರಿದದ್ದು ಮಾಡಿನ ಸೀಸದ ದುರಸ್ತಿ ನಡೆಯುತ್ತಿದ್ದಾಗಲೇ. ಸೀಸ ಕರಗುವುದು 327 ಡಿಗ್ರಿಗೆ, ಅಷ್ಟು ಶಾಖದಲ್ಲಿ ಒಣಮರವೂ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಸೀಸವನ್ನು ಜ್ವಾಲೆಯಲ್ಲಿ ಕರಗಿಸಿ ಬೆಸೆಯುವ ಕೆಲಸ ಆದಷ್ಟೂ ನೆಲದಲ್ಲೇ ಮುಗಿಯಬೇಕು. ಮೇಲೆಯೇ ಮಾಡಬೇಕಾಗಿ ಬಂದರೆ, ಕೆಲಸಗಾರರು ಇಳಿದು ಹೋಗುವುದಕ್ಕೆ ಕನಿಷ್ಠ ಒಂದೆರಡು ಗಂಟೆ ಮೊದಲೇ ಜ್ವಾಲೆ ಆರಿಸಿ ಕಾವಲಿರಬೇಕು. ಹಲಗೆಯ ಅಡಿಯನ್ನೂ ಇಣುಕಿ ನೋಡಬೇಕು; ಕಿಡಿ ಅಡಗುವುದು ದೂಳು, ಹಕ್ಕಿಗೂಡು ತುಂಬಿದ ಸಂದಿಯಲ್ಲಿ.